ಪಾಂಡವಪುರ ಸೀಮೆಯಲ್ಲಿ ಹದಿಹರೆಯದವರ ಆಹಾರ ಶಿಕ್ಷಣ

ಹತ್ತರಿಂದ ಹತ್ತೊಂಬತ್ತು ವರ್ಷದೊಳಗಿನ ಬಾಲಕ ಬಾಲಕಿಯರು ತಮ್ಮ ಊಟತಿಂಡಿಯನ್ನು ತಾವೇ ಆರಿಸಿಕೊಳ್ಳುವ ಹಂತಕ್ಕೆ ಬಂದಾಗ, ಆ ಆಯ್ಕೆ ಮೈಗೆ ಹಿತವಾಗಿಯೂ ಅದನ್ನು ಬೆಳೆದುಕೊಡುವ ನೆಲ, ನೀರು ಮತ್ತು ದುಡಿಮೆಗೆ ಹೊರೆಯಾಗದಂತೆಯೂ ಇರಲು ಬೇಕಾದ ತಿಳಿವಳಿಕೆಯನ್ನು ಮನೆ, ಶಾಲೆ ಮತ್ತು ಊರು ಸೇರಿ ಕೊಡುವ ಕ್ರಮಕ್ಕೆ ಹದಿಹರೆಯದವರ ಆಹಾರ ಶಿಕ್ಷಣ ಎನ್ನಬಹುದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2010ರಲ್ಲಿ ಸುಸ್ಥಿರ ಆಹಾರಕ್ರಮವನ್ನು ವಿವರಿಸುವಾಗ ಪರಿಸರದ ಮೇಲಿನ ಒತ್ತಡ ಕಡಿಮೆಯಿರುವುದು, ಈಗಿನವರಿಗೂ ಮುಂದಿನವರಿಗೂ ಪೌಷ್ಟಿಕ ಆಹಾರ ದಕ್ಕುವುದು, ಸ್ಥಳೀಯ ಸಂಸ್ಕೃತಿಗೆ ಒಗ್ಗುವುದು, ಕೈಗೆಟಕುವ ಬೆಲೆಯಲ್ಲಿ ಸಿಗುವುದು ಎಂಬ ಅಂಶಗಳನ್ನು ಒಟ್ಟಿಗೆ ಸೇರಿಸಿತು. ಈ ಲೇಖನ ಆ ವಿವರಣೆಯನ್ನು ಮಂಡ್ಯ ಜಿಲ್ಲೆಯ ಪಾಂಡವಪುರ ಕಂದಾಯ ಉಪವಿಭಾಗದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಹಿನ್ನೆಲೆಯಲ್ಲಿಟ್ಟು ನೋಡುತ್ತದೆ. ನಾಲೆಯ ನೀರು ಹರಿಯುವ ಗದ್ದೆಬಯಲು, ಮಳೆಯನ್ನೇ ನಂಬಿದ ರಾಗಿಹೊಲ, ಕಬ್ಬು, ಬೆಲ್ಲ, ತೆಂಗು ಇವೆಲ್ಲ ಒಂದೇ ಉಪವಿಭಾಗದೊಳಗೆ ಅಕ್ಕಪಕ್ಕದಲ್ಲಿರುವುದರಿಂದ, ತಟ್ಟೆಗೂ ಹೊಲಕ್ಕೂ ಇರುವ ನಂಟನ್ನು ಇಲ್ಲಿಯ ವಿದ್ಯಾರ್ಥಿ ಪಠ್ಯಪುಸ್ತಕದ ಹಂಗಿಲ್ಲದೆ ಕಣ್ಣಾರೆ ಕಾಣಬಲ್ಲ.

ನೆಲ, ನೀರು, ಊಟ

ಶ್ರೀರಂಗಪಟ್ಟಣದ ಸುತ್ತ ಕಾವೇರಿಯ ನೀರು ಚಿಕ್ಕದೇವರಾಯಸಾಗರ, ವಿರಿಜಾ, ಬಂಗಾರದೊಡ್ಡಿ ಮುಂತಾದ ಹಳೆಯ ನಾಲೆಗಳಲ್ಲಿ ಶತಮಾನಗಳಿಂದ ಹರಿಯುತ್ತಿದ್ದು, ಅಲ್ಲಿ ಭತ್ತ ಮೊದಲಿನಿಂದಲೂ ಇತ್ತು. ಉಳಿದ ಸೀಮೆಯಲ್ಲಿ ಕೆರೆಯ ಹಿಂದಿನ ಗದ್ದೆಗಳನ್ನು ಬಿಟ್ಟರೆ ರಾಗಿಯೇ ಮುಖ್ಯ ಬೆಳೆ, ರಾಗಿಹಿಟ್ಟೇ ಮುಖ್ಯ ಊಟ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆ 1930ರ ದಶಕದ ಆರಂಭಕ್ಕೆ ಮುಗಿದು, ಮೊದಲು ಇರ್ವಿನ್ ನಾಲೆಯೆಂದೂ ಅನಂತರ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾದ ಕಾಲುವೆಯಲ್ಲಿ ನೀರು ಬಂದಾಗ ಈ ಚಿತ್ರ ಬದಲಾಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಮುಂದೆ ಪಾಂಡವಪುರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಯೂ ಬಂದು, ಕಬ್ಬು ಮತ್ತು ಭತ್ತ ಬಯಲುಸೀಮೆಯ ಹಣದ ಬೆಳೆಗಳಾದವು. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ 1950ರ ದಶಕದ ನಡುವಿನಲ್ಲಿ ಮಂಡ್ಯದ ಬಳಿ ನಾಲೆಯ ನೀರು ಸಿಕ್ಕ ಒಂದು ಹಳ್ಳಿಯನ್ನೂ ಸಿಗದ ಇನ್ನೊಂದನ್ನೂ ವಂಗಲ, ದಲೇನ ಎಂಬ ಕಲ್ಪಿತ ಹೆಸರುಗಳಲ್ಲಿ ಹೋಲಿಸಿ 1962ರಲ್ಲಿ ಪ್ರಕಟಿಸಿದ ಅಧ್ಯಯನ, ಒಂದು ಕಾಲುವೆ ಬೇಸಾಯವನ್ನೂ ದುಡಿಮೆಯನ್ನೂ ಸಾಮಾಜಿಕ ಸಂಬಂಧಗಳನ್ನೂ ಹೇಗೆ ತಿರುಗಿಸಬಲ್ಲದೆಂಬುದಕ್ಕೆ ಇಂದಿಗೂ ಉಲ್ಲೇಖವಾಗುವ ಗ್ರಂಥವಾಗಿದೆ.

ನಾಗಮಂಗಲ ಮತ್ತು ಕೃಷ್ಣರಾಜಪೇಟೆಯ ಕತೆ ಬೇರೆ. ಕೃಷ್ಣರಾಜಪೇಟೆಗೆ ಹೇಮಾವತಿಯ ಹೇಮಗಿರಿ, ಮಂದಗೆರೆ ಅಣೆಕಟ್ಟುಗಳ ನಾಲೆಗಳಿವೆಯಾದರೂ ತಾಲ್ಲೂಕಿನ ದೊಡ್ಡ ಭಾಗ ಮಳೆಯಾಶ್ರಯದ್ದು; ನಾಗಮಂಗಲ ಬಹುಪಾಲು ಖುಷ್ಕಿಯೇ. ರಾಗಿ, ಹುರುಳಿ, ಅವರೆ, ತೆಂಗು ಅಲ್ಲಿ ಉಳಿದುಕೊಂಡವು. ಹೀಗೆ ಒಂದೇ ಉಪವಿಭಾಗದ ಎರಡು ಅಂಚಿನ ಮಕ್ಕಳಲ್ಲಿ ಒಬ್ಬರ ಮನೆಯ ಹಿಂದೆ ಕಬ್ಬಿನ ಗದ್ದೆ, ಇನ್ನೊಬ್ಬರ ಮನೆಯ ಹಿಂದೆ ರಾಗಿ ಕಣ. ಊಟದಲ್ಲಿ ಮಾತ್ರ ಇಬ್ಬರೂ ಈಗ ಬಹುಮಟ್ಟಿಗೆ ಒಂದೇ ಕಡೆಗೆ ಸಾಗಿದ್ದಾರೆ. ಹಬ್ಬಹರಿದಿನಗಳ ಊಟವಾಗಿದ್ದ ಅನ್ನ ದಿನದ ಊಟವಾಯಿತು. 2013ರ ಜುಲೈಯಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆ ಬಡವರ ಹಸಿವನ್ನು ನೀಗಿಸಿದ್ದು ದೊಡ್ಡ ಸಂಗತಿ. ಅದರ ಜತೆಗೆ ಪಾಲಿಶ್ ಮಾಡಿದ ಅಕ್ಕಿ ಖುಷ್ಕಿ ಹಳ್ಳಿಗಳ ಒಲೆಯನ್ನೂ ಸಲೀಸಾಗಿ ಹೊಕ್ಕಿತು. ದಕ್ಷಿಣ ಕರ್ನಾಟಕದ ಜಿಲ್ಲೆಗಳ ಪಡಿತರದಲ್ಲಿ ರಾಗಿಯನ್ನೂ ಸೇರಿಸಿದ್ದು ಅನಂತರದ ತಿದ್ದುಪಡಿ.

ಈ ಸೀಮೆಯ ಹಳೆಯ ಊಟ ಬಡತನದ ಊಟವೆಂಬ ಭಾವನೆ ಹದಿಹರೆಯದವರಲ್ಲಿ ಗಟ್ಟಿಯಾಗಿದೆ, ಅದಕ್ಕೆ ಕಾರಣವೂ ಇದೆ. ಅದನ್ನು ಕೇವಲ ಹೊಗಳಿ ಹೋಗಲಾಡಿಸಲಾಗದು. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ನಡೆಯುವ ಜಗಳ ಮೇಲು ಕೀಳಿನ ಜಗಳವೇ ಆಗಿದ್ದು, ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಕೆಡದೆ ಉಳಿದ ರಾಗಿಯ ಪರವಾಗಿ ರಾಮ ತೀರ್ಪು ಕೊಡುವ ಆ ಕಾವ್ಯವನ್ನು ಆಹಾರ ಶಿಕ್ಷಣದ ಪಾಠವಾಗಿ ಓದಿಸಲು ಕನ್ನಡ ಅಧ್ಯಾಪಕರಿಗಿಂತ ಹೆಚ್ಚಾಗಿ ವಿಜ್ಞಾನದ ಅಧ್ಯಾಪಕರೇ ಮುಂದಾಗಬೇಕು. ರಾಗಿಯ ಚಿಕ್ಕ, ಗಟ್ಟಿ ಕಾಳಿಗೆ ಹುಳು ಸುಲಭವಾಗಿ ಬೀಳದೆಂಬುದೂ ಹಿಂದಿನವರು ನೆಲದೊಳಗಿನ ಹಗೇವಿನಲ್ಲಿ ಅದನ್ನು ವರ್ಷಗಟ್ಟಲೆ ಕೂಡಿಡುತ್ತಿದ್ದರೆಂಬುದೂ ಆ ತೀರ್ಪಿನ ಹಿಂದಿರುವ ಲೋಕಾನುಭವ.

ಬೆಳೆಯುವ ಮೈಯ ಲೆಕ್ಕ

ಹದಿಹರೆಯದಲ್ಲಿ ಎತ್ತರ, ಮೂಳೆಯ ಸಾಂದ್ರತೆ ಮತ್ತು ರಕ್ತದ ಪ್ರಮಾಣ ವೇಗವಾಗಿ ಹೆಚ್ಚುತ್ತವೆ. ಬಾಲಕಿಯರಲ್ಲಿ ಮುಟ್ಟು ಆರಂಭವಾಗುವುದರಿಂದ ಕಬ್ಬಿಣಾಂಶದ ಬೇಡಿಕೆ ಇನ್ನಷ್ಟು ಏರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಂಗವಾದ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನ ಪ್ರಕಾರ 13ರಿಂದ 15 ವರ್ಷದ ಬಾಲಕಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣಾಂಶ, 1,000 ಮಿಲಿಗ್ರಾಂ ಸುಣ್ಣದಂಶ ಮತ್ತು ಸುಮಾರು 43 ಗ್ರಾಂ ಪ್ರೋಟೀನು ಬೇಕು. ಅದೇ ವಯಸ್ಸಿನ ಬಾಲಕನಿಗೆ 22 ಮಿಲಿಗ್ರಾಂ ಕಬ್ಬಿಣಾಂಶ ಸಾಕು. 2016ರಿಂದ 2018ರವರೆಗೆ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ದೇಶದ ಹದಿಹರೆಯದ ಬಾಲಕಿಯರಲ್ಲಿ ಶೇ. 40ರಷ್ಟು ಮತ್ತು ಬಾಲಕರಲ್ಲಿ ಶೇ. 18ರಷ್ಟು ಮಂದಿಗೆ ರಕ್ತಹೀನತೆಯಿದೆಯೆಂದು ಕಂಡುಕೊಂಡಿತು. ಅದೇ ಸಮೀಕ್ಷೆಯಲ್ಲಿ ಹದಿಹರೆಯದವರ ಪೈಕಿ ಸುಮಾರು ಶೇ. 10ರಷ್ಟು ಮಂದಿಯಲ್ಲಿ ಮಧುಮೇಹದ ಪೂರ್ವಸ್ಥಿತಿ, ಎಂದರೆ ರಕ್ತದ ಸಕ್ಕರೆ ಸಹಜ ಮಟ್ಟ ಮೀರಿಯೂ ಮಧುಮೇಹದ ಮಟ್ಟ ಮುಟ್ಟದ ಸ್ಥಿತಿ, ಕಾಣಿಸಿತು. ಕೊರತೆಯೂ ಅತಿಯೂ ಒಂದೇ ತರಗತಿಯಲ್ಲಿ, ಕೆಲವೊಮ್ಮೆ ಒಂದೇ ಮೈಯಲ್ಲಿ ಇರುವುದು ಇಂದಿನ ಪೋಷಣಾ ಸಮಸ್ಯೆಯ ಮುಖ್ಯ ಲಕ್ಷಣ.

ಈ ಅಂಕಿಗಳನ್ನು ಊರಿನ ತಟ್ಟೆಗೆ ಇಳಿಸಿದಾಗ ಪಾಠ ಅರ್ಥವಾಗುತ್ತದೆ. ಸುಮಾರು 100 ಗ್ರಾಂ ಹಿಟ್ಟಿನಿಂದ ಕಟ್ಟಿದ ಒಂದು ರಾಗಿ ಮುದ್ದೆ, ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ, 364 ಮಿಲಿಗ್ರಾಂ ಸುಣ್ಣದಂಶ ಕೊಡುತ್ತದೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ. ಒಂದು ಹಿಡಿ ಹುರುಳಿಕಾಳು, ಎಂದರೆ ಸುಮಾರು 30 ಗ್ರಾಂ, ಆರು ಗ್ರಾಮಿಗಿಂತ ಹೆಚ್ಚು ಪ್ರೋಟೀನನ್ನೂ ಎರಡೂವರೆ ಮಿಲಿಗ್ರಾಮಿನಷ್ಟು ಕಬ್ಬಿಣಾಂಶವನ್ನೂ ಸೇರಿಸುತ್ತದೆ. ಆದರೆ ಕಾಳು, ರಾಗಿ, ಸೊಪ್ಪುಗಳಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತುವುದು ಕಷ್ಟ. ಫೈಟೇಟ್ ಮತ್ತು ಟ್ಯಾನಿನ್ ಎಂಬ ಸಸ್ಯಜನ್ಯ ವಸ್ತುಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಕಾಳನ್ನು ನೆನೆಸಿ ಮೊಳಕೆ ಕಟ್ಟಿದಾಗ ಫೈಟೇಟ್ ಕಡಿಮೆಯಾಗುತ್ತದೆ, ನಿಂಬೆಹುಳಿ ಅಥವಾ ಸೀಬೆಹಣ್ಣಿನ ಸಿ ಜೀವಸತ್ವ ಹೀರಿಕೆಯನ್ನು ಹೆಚ್ಚಿಸುತ್ತದೆ, ಊಟ ಮುಗಿಯುತ್ತಲೇ ಕುಡಿಯುವ ಟೀ ಕಾಫಿ ಅದಕ್ಕೆ ಅಡ್ಡಿ ಮಾಡುತ್ತದೆ. ಮೊಳಕೆ ಹುರುಳಿಯ ಸಾರು, ಉಪ್ಸಾರಿಗೆ ಹಿಂಡುವ ನಿಂಬೆಹಣ್ಣು, ಬೆರಕೆ ಸೊಪ್ಪಿನ ಮಸ್ಸೊಪ್ಪು ಇವುಗಳಲ್ಲಿ ಈ ರಸಾಯನಶಾಸ್ತ್ರವೆಲ್ಲ ಹಿಂದಿನಿಂದಲೂ ಅಡಗಿದೆಯೆಂದು ತೋರಿಸಬಹುದು. ಆದರೆ ಹಾಗೆ ತೋರಿಸುವಾಗಲೇ, ಮುದ್ದೆಯೊಂದರಿಂದ ಬಾಲಕಿಯ 30 ಮಿಲಿಗ್ರಾಂ ತುಂಬುವುದಿಲ್ಲವೆಂಬ ಸತ್ಯವನ್ನೂ ಹೇಳಬೇಕು. 2012-13ರಿಂದ ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುತ್ತಿರುವ, ಈಗ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುವ ನೀಲಿ ಮಾತ್ರೆಯೂ ವರ್ಷಕ್ಕೆರಡು ಬಾರಿಯ ಜಂತುಹುಳು ಮಾತ್ರೆಯೂ ಆ ಅಂತರವನ್ನು ತುಂಬಲೆಂದೇ ಇವೆ. ಖಾಲಿ ಹೊಟ್ಟೆಯಲ್ಲಿ ನುಂಗಿ ಹೊಟ್ಟೆ ತೊಳಸಿದ ಅನುಭವದಿಂದ ಮಾತ್ರೆಯನ್ನು ಕಿಟಕಿಯಾಚೆ ಎಸೆಯುವ ಮಕ್ಕಳಿಗೆ, ಊಟದ ನಂತರ ತೆಗೆದುಕೊಳ್ಳಬೇಕೆಂಬ ಒಂದು ಮಾತು ಹಲವು ಭಾಷಣಗಳಿಗಿಂತ ಪ್ರಯೋಜನಕಾರಿ.

ಶಾಲೆಯ ಊಟ

ಕರ್ನಾಟಕದ ಶಾಲಾ ಬಿಸಿಯೂಟ ಯೋಜನೆಯಾದ ಅಕ್ಷರ ದಾಸೋಹ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ, 2007-08ರಲ್ಲಿ 8ರಿಂದ 10ನೇ ತರಗತಿಗಳಿಗೂ ವಿಸ್ತರಿಸಿತು. ಹಿರಿಯ ಪ್ರಾಥಮಿಕ ಹಂತದ ಮಗುವಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿಯಿಂದ 700 ಕಿಲೋಕ್ಯಾಲರಿ ಶಕ್ತಿ ಮತ್ತು 20 ಗ್ರಾಂ ಪ್ರೋಟೀನು ದೊರೆಯಬೇಕೆಂಬುದು ರಾಷ್ಟ್ರೀಯ ಮಾನದಂಡ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದಲ್ಲಿ 150 ಮಿಲಿಲೀಟರ್ ಹಾಲು ಸೇರಿತು. 2024ರ ಫೆಬ್ರವರಿಯಿಂದ ವಾರಕ್ಕೆ ಮೂರು ದಿನ ಅದೇ ಹಾಲಿಗೆ ರಾಗಿ ಮಾಲ್ಟ್ ಬೆರೆಸುವ ಏರ್ಪಾಡಾಯಿತು. ಮೊಟ್ಟೆ, ಅದು ಬೇಡವೆಂದವರಿಗೆ ಬಾಳೆಹಣ್ಣು ಎಂಬ ಕ್ರಮ ಕೆಲವೇ ಜಿಲ್ಲೆಗಳಿಂದ ಹರಡಿ, ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನೊಡನೆ 2024ರಲ್ಲಿ ವಾರದ ಆರು ದಿನಗಳಿಗೆ ಏರಿತು.

ಇವೆಲ್ಲ ಪೂರೈಕೆಯ ಯೋಜನೆಗಳು. ಇವುಗಳೊಳಗೆ ಶಿಕ್ಷಣ ತಾನಾಗಿಯೇ ನಡೆಯುವುದಿಲ್ಲ. ತಟ್ಟೆಗೆ ಬಿದ್ದುದನ್ನು ಉಂಡೇಳುವ ಮಗು ತನಗೆ ಮೊಟ್ಟೆ ಏಕೆ ಕೊಡುತ್ತಾರೆಂದು ಕೇಳಿಕೊಂಡಿರುವುದಿಲ್ಲ. ಅಡುಗೆಯನ್ನು ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮವಿದೆ; ಪ್ರೌಢಶಾಲೆಗಳಲ್ಲಿ ಆ ಕೆಲಸಕ್ಕೆ ವಿದ್ಯಾರ್ಥಿಗಳನ್ನೂ ಸೇರಿಸಿಕೊಂಡು, ಶಾಲಾ ಸಂಸತ್ತಿನಲ್ಲಿ ಹೆಸರಿಗಿರುವ ಆಹಾರ ಮಂತ್ರಿಯ ಕೈಗೆ ಆ ದಿನ ಬೆಂದ ಬೇಳೆ ತರಕಾರಿಯ ಅಳತೆಯನ್ನೂ ಮಿಕ್ಕಿ ಹೋದ ಅನ್ನದ ಅಳತೆಯನ್ನೂ ಬರೆಯುವ ಪುಸ್ತಕ ಕೊಟ್ಟರೆ, ಪೌಷ್ಟಿಕತೆ ಮತ್ತು ವ್ಯರ್ಥದ ಪಾಠ ಎರಡೂ ಅಲ್ಲಿಯೇ ನಡೆಯುತ್ತವೆ. ಸಾಂಬಾರಿನಿಂದ ಎತ್ತಿ ತಟ್ಟೆಯ ಅಂಚಿಗೆ ಸರಿಸುವ ಕುಂಬಳಕಾಯಿ ಹೋಳುಗಳನ್ನು ಒಂದು ವಾರ ತೂಗಿ ನೋಡಿದರೆ, ಯಾವ ತರಕಾರಿಯನ್ನು ಹೇಗೆ ಹೆಚ್ಚಿದರೆ, ಹೇಗೆ ಬೇಯಿಸಿದರೆ ತಿನ್ನುತ್ತಾರೆಂಬುದು ಅಡುಗೆಯವರಿಗೂ ತಿಳಿಯುತ್ತದೆ.

ಮೊಟ್ಟೆಯ ವಿಷಯದಲ್ಲಿ ಈ ಜಿಲ್ಲೆ ಪೌಷ್ಟಿಕತೆಯಾಚೆಗಿನ ಚರ್ಚೆಯನ್ನೂ ಕಂಡಿದೆ. 2025ರಲ್ಲಿ ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ದೇವಸ್ಥಾನದ ಬಳಿಯ ಶಾಲೆಯಲ್ಲಿ ಮೊಟ್ಟೆ ಬೇಯಿಸುವುದಕ್ಕೆ ಪೋಷಕರ ಒಂದು ಗುಂಪು ವಿರೋಧಿಸಿ ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಿತು. ಅದಕ್ಕೂ ಮೊದಲು, 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟವೂ ಇರಲಿ ಎಂಬ ಬೇಡಿಕೆ ನಾಡಿನಾದ್ಯಂತ ಮಾತಾಯಿತು. ಮೇಲುಕೋಟೆಯ ಪುಳಿಯೋಗರೆಯೂ ಬಂಡೂರು ಕುರಿಯ ಬಾಡೂ ಒಂದೇ ಜಿಲ್ಲೆಯ ಹೆಮ್ಮೆಗಳಾಗಿರುವಲ್ಲಿ, ಒಬ್ಬರ ಊಟವನ್ನು ಆರೋಗ್ಯದ ಹೆಸರಿನಲ್ಲಿ ಇನ್ನೊಬ್ಬರ ಊಟಕ್ಕಿಂತ ಮೇಲೆಂದು ಕಲಿಸುವುದು ಶಿಕ್ಷಣವಾಗದು. ಮಾಂಸಾಹಾರ ಕಡಿಮೆ ಮಾಡಬೇಕೆಂಬ ಪಾಶ್ಚಾತ್ಯ ಪಠ್ಯಕ್ರಮಗಳ ಸಲಹೆಯನ್ನು ಇಲ್ಲಿಗೆ ಹಾಗೆಯೇ ತರುವುದೂ ಸಲ್ಲದು. ಅಲ್ಲಿ ದಿನನಿತ್ಯ ಮಾಂಸ ಉಣ್ಣುವವರಿಗೆ ಹೇಳಿದ ಮಾತು, ವಾರಕ್ಕೊಮ್ಮೆ ಕೋಳಿ ಸಾರು ಕಾಣುವ, ರಕ್ತಹೀನತೆಯಿರುವ ಬಾಲಕಿಗೆ ಅನ್ವಯಿಸುವುದಿಲ್ಲ.

ಬೆಲ್ಲ, ಪ್ಯಾಕೆಟ್ಟು, ಗೋಬಿ

ಶಾಲೆಯ ಗೇಟಿನಾಚೆಗಿನ ಪೆಟ್ಟಿಗೆ ಅಂಗಡಿಯೇ ಹದಿಹರೆಯದವರ ನಿಜವಾದ ಆಯ್ಕೆಯ ಜಾಗ. ಆಹಾರ ಸುರಕ್ಷತಾ ಮತ್ತು ಮಾನಕ ಪ್ರಾಧಿಕಾರದ 2020ರ ನಿಯಮಗಳು ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸುಗಳ ಮಾರಾಟವನ್ನು ಶಾಲಾ ಆವರಣದಲ್ಲೂ ಅದರ ಸುತ್ತಲಿನ 50 ಮೀಟರಿನೊಳಗೂ ನಿಷೇಧಿಸುತ್ತವೆ. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಆಗ ಪ್ರಕಟವಾಯಿತು. ಅದೇ ವರ್ಷದ ಜೂನಿನಲ್ಲಿ ಕಬಾಬಿಗೂ ಈ ನಿಷೇಧ ಬಂತು. ಪಾಂಡವಪುರ, ಕೃಷ್ಣರಾಜಪೇಟೆಯ ಸಂಜೆಯ ಬೀದಿಗಳಲ್ಲಿ ಗೋಬಿ ಗಾಡಿಯ ಮುಂದೆ ನಿಂತ ಕಾಲೇಜು ಹುಡುಗರಿಗೆ ಈ ಸುದ್ದಿ ಗೊತ್ತಿಲ್ಲದ್ದೇನೂ ಅಲ್ಲ. ಬಣ್ಣ ಹೋದಮೇಲೂ ಅದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವ ಪ್ರಶ್ನೆ, ಉಪ್ಪಿನ ಪ್ರಶ್ನೆ ಉಳಿದೇ ಇರುತ್ತವೆಂಬುದು ಅವರಿಗೆ ತಿಳಿಯಬೇಕಾದ ಮುಂದಿನ ಪಾಠ.

ಪ್ಯಾಕೆಟ್ಟಿನ ಹಿಂಬದಿಯನ್ನು ಓದಲು ಕಲಿಸುವುದು ಇಲ್ಲಿಯ ಅತ್ಯಂತ ಅಗ್ಗದ ಪ್ರಯೋಗಶಾಲೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಪ್ಯಾಕೆಟ್ಟಿನ ಮೇಲೆ ಉಪ್ಪಿನ ಬದಲು ಸೋಡಿಯಂ ಎಂದು ನಮೂದಾಗಿರುವುದರಿಂದ, ಆ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಹತ್ತು ರೂಪಾಯಿಗೆ ಸಿಗುವ ಕುರುಕಲಿನ ಪ್ಯಾಕೆಟ್ಟಿನಲ್ಲಿ ಎಷ್ಟು ಗ್ರಾಂ ತಿನಿಸಿದೆಯೆಂದು ನೋಡಿ ಕಿಲೋದ ದರ ಲೆಕ್ಕ ಹಾಕಿದಾಗ, ಸಂತೆಯ ಕಡಲೆಕಾಯಿಯ ದರದೊಂದಿಗೆ ಅದನ್ನು ಹೋಲಿಸಿದಾಗ ಮೂಡುವ ಬೆರಗು, ಕ್ಯಾಲರಿಯ ಉಪದೇಶದಿಂದ ಮೂಡುವುದಿಲ್ಲ. ರೈತನ ಮಗನಿಗಂತೂ ಒಂದು ಕಿಲೋ ಆಲೂಗಡ್ಡೆಗೆ ಬೆಳೆಗಾರನಿಗೆ ಸಿಕ್ಕುವುದೆಷ್ಟು ಎಂಬ ಪ್ರಶ್ನೆ ಕೂಡಲೇ ಏಳುತ್ತದೆ.

ಸಕ್ಕರೆಯ ಪಾಠವೇ ಈ ಸೀಮೆಯ ಕಠಿಣ ಪಾಠ. ಬೇರೆಡೆ ಸಕ್ಕರೆಯನ್ನು ವೈರಿಯೆಂದು ಸಲೀಸಾಗಿ ಹೇಳಬಹುದು. ಮನೆಯ ವರ್ಷದ ಲೆಕ್ಕವೇ ಕಬ್ಬಿನ ಬಿಲ್ಲಿನ ಮೇಲೆ ನಿಂತಿರುವ ಊರಿನಲ್ಲಿ ಆ ಮಾತಿನ ತೂಕ ಬೇರೆ. ಒಟ್ಟು ಶಕ್ತಿಯಲ್ಲಿ ಸೇರಿಸಿದ ಸಕ್ಕರೆಯ ಪಾಲು ಶೇ. 10ನ್ನು ಮೀರಬಾರದು, ಶೇ. 5ಕ್ಕಿಂತ ಕಡಿಮೆಯಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೆಲ್ಲವೂ ಬಹುಪಾಲು ಸಕ್ಕರೆಯೇ. ಅದರಲ್ಲಿ ಸ್ವಲ್ಪ ಖನಿಜಾಂಶ ಉಳಿದಿರುತ್ತದೆಂಬ ಕಾರಣಕ್ಕೆ ಈ ಮಿತಿಯಿಂದ ಅದನ್ನು ಹೊರಗಿಡಲಾಗದು, ಮಂಡ್ಯದ ಬೆಲ್ಲದ ಮೇಲಿನ ಅಭಿಮಾನ ಏನೇ ಇರಲಿ. ಬೆಲ್ಲದೊಳಗಿನ ಆಯ್ಕೆಯನ್ನು ಮಾತ್ರ ಇಲ್ಲಿ ಕಣ್ಣಾರೆ ಕಲಿಸಬಹುದು. ಮಾರುಕಟ್ಟೆಯಲ್ಲಿ ಹಳದಿಯಾಗಿ ಹೊಳೆಯುವ ಅಚ್ಚಿಗೆ ಬೇಡಿಕೆ ಹೆಚ್ಚೆಂದು ಕೆಲವೆಡೆ ಪಾಕಕ್ಕೆ ಹೈಡ್ರೋಸ್ ಎಂದು ಕರೆಯುವ ಸೋಡಿಯಂ ಹೈಡ್ರೋಸಲ್ಫೈಟ್ ಹಾಕುತ್ತಾರೆ, ಅದರಿಂದ ಗಂಧಕದ ಅಂಶ ಬೆಲ್ಲದಲ್ಲಿ ಉಳಿಯುತ್ತದೆ. ಹಾಕದ ಬೆಲ್ಲ ಕಂದಾಗಿರುತ್ತದೆ. ಕೊಳ್ಳುವವರ ಕಣ್ಣು ಬದಲಾದರೆ ಆಲೆಮನೆಯ ಕೊಪ್ಪರಿಗೆಯೂ ಬದಲಾಗುತ್ತದೆಂಬ ಸಂಬಂಧವನ್ನು ಒಂದು ಆಲೆಮನೆಯ ಭೇಟಿಯಲ್ಲಿ ವಿದ್ಯಾರ್ಥಿಗಳು ಹಿಡಿಯಬಲ್ಲರು.

ಅಕ್ಕಡಿ ಸಾಲು ಮತ್ತು ಕಟ್ಟೆಯ ಮಟ್ಟ

ಸುಸ್ಥಿರತೆ ಎಂಬ ಪರಿಕಲ್ಪನೆಯನ್ನು ವಿವರಿಸಲು ಈ ಸೀಮೆಗೆ ಎರವಲು ಉದಾಹರಣೆ ಬೇಕಿಲ್ಲ. ಖುಷ್ಕಿ ಬೇಸಾಯದ ಅಕ್ಕಡಿ ಪದ್ಧತಿ ಇದ್ದೇ ಇದೆ. ಮುಂಗಾರು ಹದವಾದಾಗ ಕೂರಿಗೆಯಲ್ಲಿ ರಾಗಿ ಬಿತ್ತುತ್ತ, ಕೆಲವು ಸಾಲಿಗೊಂದರಂತೆ ಸಡ್ಡೆಯಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಸಾಸಿವೆ, ಹರಳುಗಳನ್ನು ಬಿಡುವುದು ಇದರ ಕ್ರಮ. ರಾಗಿ ಕೊಯ್ಲಾದ ಮೇಲೂ ಅವರೆ ಹೊಲದಲ್ಲಿ ಹಬ್ಬಿ ಚಳಿಗಾಲದಲ್ಲಿ ಸೊಗಡಿನ ಕಾಯಿ ಕೊಡುತ್ತದೆ. ದ್ವಿದಳಗಳ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ. ಹುಚ್ಚೆಳ್ಳಿನ ಹಳದಿ ಹೂವು ಜೇನನ್ನು ಕರೆಯುತ್ತದೆ. ಜೋಳದ ದಂಟು ದನಕ್ಕೆ. ಮಳೆ ಕೈಕೊಟ್ಟು ಒಂದು ಬೆಳೆ ಹೋದರೆ ಇನ್ನೊಂದು ಉಳಿಯುತ್ತದೆ. ಮುದ್ದೆ, ಅದಕ್ಕೆ ಅವರೆಕಾಳಿನ ಸಾರು, ಪಕ್ಕದಲ್ಲಿ ಹುಚ್ಚೆಳ್ಳು ಚಟ್ನಿ, ಸಾಲುಗಳ ನಡುವೆ ತಾನಾಗಿ ಎದ್ದ ಕೀರೆ, ಗಣಿಕೆ, ಅಣ್ಣೆ, ಹೊನಗೊನ್ನೆ ಸೊಪ್ಪಿನ ಬಸ್ಸಾರು ಹೀಗೆ ಇಡೀ ಊಟವೇ ಒಂದು ಹೊಲದಿಂದ ಬರುತ್ತಿತ್ತು. ಕಳೆನಾಶಕ ಬಳಸುವ ಹೊಲದಲ್ಲಿ ಬೆರಕೆ ಸೊಪ್ಪು ಸಿಗುವುದಿಲ್ಲ; ರಾಗಿಯೊಂದನ್ನೇ ಬಿತ್ತಿದ ಹೊಲದಿಂದ ಸಾರು ಬರುವುದಿಲ್ಲ. ಶಾಲೆಯ ಕೈತೋಟದಲ್ಲಿ ಒಂದು ಗುಂಟೆ ಜಾಗವಿದ್ದರೂ ಅಕ್ಕಡಿ ಸಾಲುಗಳನ್ನು ಹಾಕಿ, ಜೂನಿನಿಂದ ಜನವರಿಯವರೆಗೆ ಯಾವ ತಿಂಗಳಲ್ಲಿ ಯಾವುದು ತಟ್ಟೆಗೆ ಬಂತೆಂಬ ದಿನಚರಿಯನ್ನು 8ನೇ ತರಗತಿಯವರಿಂದ ಬರೆಸಬಹುದು. ಸೊಪ್ಪು ಗುರುತಿಸುವ ಜ್ಞಾನ ಅಜ್ಜಿಯರಲ್ಲಿದೆ. ಶಾಲೆಯ ಮುಂದೆ ಕೂತು ಹತ್ತು ಬಗೆಯ ಸೊಪ್ಪನ್ನು ಹೆಸರಿಸಿ ಬೇರ್ಪಡಿಸಬಲ್ಲ ಹೆಂಗಸನ್ನು ಒಂದು ದಿನದ ಮಟ್ಟಿಗೆ ಗುರುವಾಗಿ ಕರೆಯಲು ಯಾವ ಅನುದಾನವೂ ಬೇಕಿಲ್ಲ.

ನೀರಿನ ಪಾಠಕ್ಕೂ ಸಾಧನ ಸಿದ್ಧವಿದೆ. ಕನ್ನಂಬಾಡಿ ಕಟ್ಟೆಯ, ಎಂದರೆ ಕೆ.ಆರ್.ಎಸ್.ನ, ನೀರಿನ ಮಟ್ಟವನ್ನು ಪತ್ರಿಕೆಗಳು ದಿನವೂ ಅಚ್ಚು ಹಾಕುತ್ತವೆ. ಗರಿಷ್ಠ ಮಟ್ಟ 124.80 ಅಡಿ ಎಂಬುದು ಇಲ್ಲಿಯ ಮಕ್ಕಳಿಗೆ ಬಾಯಿಪಾಠ. 2023ರ ಬರದಲ್ಲಿ ಕಟ್ಟೆ ತುಂಬದೆ ಬೆಳೆಗೆ ನೀರಿಲ್ಲದಂತಾದುದನ್ನೂ ಕಾವೇರಿ ಚಳವಳಿಯನ್ನೂ ಅವರು ಕಂಡಿದ್ದಾರೆ. ಒಂದು ಕಿಲೋ ಭತ್ತ ಬೆಳೆಯಲು ಮಳೆ ಮತ್ತು ನಾಲೆಯಿಂದ ಹೊಲಕ್ಕೆ ಒದಗುವ ನೀರು ಜಾಗತಿಕ ಸರಾಸರಿಯಲ್ಲಿ ಸುಮಾರು 2,500 ಲೀಟರ್ ಎಂದು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಅಂದಾಜು. ನೀರು ನಿಂತ ಗದ್ದೆಯಿಂದ ಮೀಥೇನ್ ಅನಿಲವೂ ಹೊರಡುತ್ತದೆ. ಹಾಗೆಂದು ಗದ್ದೆಬಯಲಿನ ರೈತರು ಭತ್ತ ಬಿಟ್ಟು ರಾಗಿ ಬಿತ್ತಬೇಕೆಂದು ತರಗತಿಯಲ್ಲಿ ತೀರ್ಪು ಕೊಡುವುದು ದುಡುಕು. ಜೌಗು ಹಿಡಿದ ಗದ್ದೆಯಲ್ಲಿ ರಾಗಿ ಬಾರದು. ಶ್ರೀ ಪದ್ಧತಿಯಂತೆ ನೀರನ್ನು ಕಟ್ಟಿ ಬಿಟ್ಟು ಬೆಳೆಯುವ ಕ್ರಮ, ಹೆಚ್ಚು ಪಾಲಿಶ್ ಮಾಡದ ಅಕ್ಕಿ, ರಾಜಮುಡಿಯಂಥ ನಾಟಿ ತಳಿಗಳು ಇವೂ ಆಯ್ಕೆಗಳೇ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ತಮ್ಮ ಜಮೀನಿನಲ್ಲಿ ನೂರಾರು ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದಿರುವುದೂ, ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ತಳಿವಿಜ್ಞಾನಿ ಭಾರತ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿದುದೂ ಒಂದೇ ಪ್ರವಾಸದಲ್ಲಿ ತೋರಿಸಬಹುದಾದ ಎರಡು ಬಗೆಯ ಜ್ಞಾನ.

ಹೆದರಿಕೆಯ ಬದಲು ಸ್ವಾಭಿಮಾನ

ನಲವತ್ತರ ನಂತರ ಸಕ್ಕರೆ ಕಾಯಿಲೆ ಬಂದೀತೆಂಬ ಎಚ್ಚರಿಕೆ ಹದಿನೈದರ ಹುಡುಗನಿಗೆ ನಾಟುವುದಿಲ್ಲ. ಈ ವಯಸ್ಸಿಗೆ ಗೆಳೆಯರ ಮೆಚ್ಚುಗೆ ಮತ್ತು ತನ್ನ ಸ್ವಾತಂತ್ರ್ಯ ಮುಖ್ಯ. ಅಮೆರಿಕದ ಟೆಕ್ಸಸ್ ರಾಜ್ಯದ 8ನೇ ತರಗತಿಯ ವಿದ್ಯಾರ್ಥಿಗಳ ನಡುವೆ ಕ್ರಿಸ್ಟೋಫರ್ ಬ್ರಯಾನ್, ಡೇವಿಡ್ ಯೇಗರ್ ಮತ್ತು ಸಂಗಡಿಗರು ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿಂಡಿ ಕಂಪನಿಗಳು ಮಕ್ಕಳನ್ನು ಹೇಗೆ ಮರುಳು ಮಾಡುತ್ತವೆಂಬುದನ್ನು ಬಯಲು ಮಾಡಿ, ಒಳ್ಳೆಯ ಊಟವನ್ನು ಆ ಮೋಸಕ್ಕೆ ಒಡ್ಡುವ ಪ್ರತಿಭಟನೆಯೆಂದು ತಿಳಿಸಿದಾಗ ವಿದ್ಯಾರ್ಥಿಗಳ ಆಯ್ಕೆ, ಸಾಮಾನ್ಯ ಆರೋಗ್ಯಪಾಠ ಕೇಳಿದವರದ್ದಕ್ಕಿಂತ ಉತ್ತಮವಾಯಿತು. ಪಾಂಡವಪುರದಲ್ಲಿ ಈ ದಾರಿಗೆ ತನ್ನದೇ ಆದ ಆಸರೆಯಿದೆ. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತಸಂಘದ ಗಟ್ಟಿ ನೆಲೆಗಳಲ್ಲಿ ಇದೂ ಒಂದು, ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯ ಈ ಸೀಮೆಯಿಂದಲೇ ಶಾಸನಸಭೆಗೆ ಹೋದವರು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನಾಯಕತ್ವದ ಸಂಘ 1992ರಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದ್ದೂ 1996ರಲ್ಲಿ ಕೆಂಟಕಿ ಚಿಕನ್ ಮಳಿಗೆಯ ಮೇಲೆ ದಾಳಿ ಮಾಡಿದ್ದೂ ಆಹಾರದ ಮೇಲಿನ ಹಕ್ಕು ಯಾರದೆಂಬ ಪ್ರಶ್ನೆಯನ್ನು ಬೀದಿಗೆ ತಂದ ಘಟನೆಗಳು. ದಾಳಿಯ ಮಾರ್ಗವನ್ನು ಒಪ್ಪದವರೂ ಆ ಪ್ರಶ್ನೆಯನ್ನು ಸಮಾಜವಿಜ್ಞಾನದ ತರಗತಿಯಲ್ಲಿ ಚರ್ಚೆಗಿಡಬಹುದು. ರೈತಸಂಘದ ಹಸಿರು ಶಾಲು ಹೊದ್ದ ತಾತನ ಮೊಮ್ಮಗಳಿಗೆ, ತಾನು ಕೊಳ್ಳುವ ತಿನಿಸಿನ ಹಿಂದಿರುವ ವ್ಯಾಪಾರವನ್ನು ಪ್ರಶ್ನಿಸುವುದು ಮನೆತನದ ರೂಢಿಯೇ ಆಗಿ ಕಾಣುತ್ತದೆ.

ಸೌಮ್ಯವಾದ ಇನ್ನೊಂದು ಪರಂಪರೆ ಮೇಲುಕೋಟೆಯದು. ಸುರೇಂದ್ರ ಕೌಲಗಿಯವರು 1960ರಲ್ಲಿ ಅಲ್ಲಿ ಆರಂಭಿಸಿದ ಜನಪದ ಸೇವಾ ಟ್ರಸ್ಟ್ ಮಕ್ಕಳ ಪಾಲನೆ, ಖಾದಿ, ಸಹಜ ಬಣ್ಣ ಮತ್ತು ಸಾವಯವ ಬೇಸಾಯಗಳನ್ನು ಗಾಂಧೀಮಾರ್ಗದಲ್ಲಿ ಒಟ್ಟುಗೂಡಿಸಿದ್ದು, ಸರಳ ಬದುಕನ್ನು ಕೊರತೆಯೆಂದು ಕಾಣದೆ ಆಯ್ಕೆಯೆಂದು ಕಾಣಲು ಎಳೆಯರಿಗೆ ಒಂದು ಮಾದರಿ ಒದಗಿಸಿದೆ.

ಮಕ್ಕಳ ಸಂತೆ ಅಥವಾ ಮೆಟ್ರಿಕ್ ಮೇಳ ಎಂದು ಶಾಲೆಗಳು ನಡೆಸುವ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳು ಮನೆಯಲ್ಲಿ ಬೆಳೆದ ಸೊಪ್ಪು, ಕಾಯಿ, ಹಣ್ಣುಗಳನ್ನು ತಂದು ತೂಗಿ ಮಾರುತ್ತಾರೆ. ಗಣಿತದ ಅಭ್ಯಾಸಕ್ಕೆಂದು ಹುಟ್ಟಿದ ಈ ಸಂತೆಯಲ್ಲಿ ಪಾನಿಪುರಿ, ಚುರುಮುರಿ ಅಂಗಡಿಗಳೇ ಹೆಚ್ಚು ಗಳಿಸುತ್ತವೆಂಬುದು ನೋಡಿದವರಿಗೆ ಗೊತ್ತು. ಅದನ್ನು ತಡೆಯುವುದಕ್ಕಿಂತ, ಸೊಪ್ಪಿನ ಅಂಗಡಿ ಏಕೆ ಸೋತಿತೆಂದು ಮರುದಿನ ತರಗತಿಯಲ್ಲಿ ಲೆಕ್ಕ ಬಿಡಿಸುವುದು ಒಳ್ಳೆಯ ಪಾಠ.

ಅಡ್ಡಿಗಳು

ಆಯ್ಕೆಯನ್ನು ಕಲಿಸುವ ಶಿಕ್ಷಣ, ಆಯ್ಕೆಯೇ ಇಲ್ಲದವರ ಮುಂದೆ ಟೊಳ್ಳಾಗುತ್ತದೆ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಉಳಿದುದನ್ನು ಉಣ್ಣುವ ಹೆಣ್ಣುಮಗಳಿಗೆ ಕಬ್ಬಿಣಾಂಶದ ಪಟ್ಟಿಗಿಂತ ಮೊದಲು ಬೇಕಾದುದು ತಟ್ಟೆಯಲ್ಲಿ ಸಮಪಾಲು. ಆದ್ದರಿಂದ ಅಡುಗೆಯ ಪಾಠ ಹುಡುಗರಿಗೂ ಕಡ್ಡಾಯವಾಗಬೇಕೆಂಬ ವಾದಕ್ಕೆ ಬಲವಿದೆ. ಜಪಾನ್ 2005ರಲ್ಲಿ ‘ಶೋಕುಇಕು’ ಎಂಬ ಆಹಾರ ಶಿಕ್ಷಣಕ್ಕೆ ಕಾನೂನನ್ನೇ ತಂದಿದ್ದು, ಅಲ್ಲಿಯ ಮಕ್ಕಳು ಶಾಲೆಯಲ್ಲಿ ಊಟ ಬಡಿಸುವ ಸರದಿಯನ್ನು ಗಂಡು ಹೆಣ್ಣೆನ್ನದೆ ನಿರ್ವಹಿಸುತ್ತಾರೆ.

ಇನ್ನೊಂದು ಅಡ್ಡಿ ವ್ಯವಸ್ಥೆಯದು. ಬಿಸಿಯೂಟ 10ನೇ ತರಗತಿಗೆ ನಿಲ್ಲುತ್ತದೆ. ಪದವಿಪೂರ್ವ ಕಾಲೇಜಿಗೆಂದು ಬೆಳಗಿನ ಬಸ್ಸು ಹಿಡಿದು ನಾಗಮಂಗಲಕ್ಕೋ ಕೃಷ್ಣರಾಜಪೇಟೆಗೋ ಬರುವ ಹದಿನಾರು ಹದಿನೇಳರ ಮಕ್ಕಳು ಅನೇಕ ವೇಳೆ ತಿಂಡಿ ಬಿಟ್ಟು ಬಂದು, ಮಧ್ಯಾಹ್ನ ಬಸ್‌ ನಿಲ್ದಾಣದ ಬಳಿ ಕೈಗೆ ಸಿಕ್ಕುದನ್ನು ತಿಂದು ಸಂಜೆ ಮನೆ ಸೇರುತ್ತಾರೆ. ಆಯ್ಕೆಯ ಸ್ವಾತಂತ್ರ್ಯ ಅತಿ ಹೆಚ್ಚಿರುವ ವಯಸ್ಸಿನಲ್ಲೇ ಸರ್ಕಾರದ ಊಟವೂ ಪಠ್ಯದ ಆಹಾರಪಾಠವೂ ಒಟ್ಟಿಗೆ ಕೈಬಿಡುತ್ತವೆ.

ಶಾಲೆಯ ಅಡುಗೆಮನೆಗೆ ಊರಿನ ಧಾನ್ಯ ತರುವುದೂ ಸುಲಭವಲ್ಲ. ಬ್ರೆಜಿಲ್ 2009ರ ಕಾನೂನಿನಲ್ಲಿ ಶಾಲಾ ಊಟದ ಕೇಂದ್ರ ಅನುದಾನದ ಕನಿಷ್ಠ ಶೇ. 30ರಷ್ಟನ್ನು ಸಣ್ಣ ರೈತ ಕುಟುಂಬಗಳಿಂದ ಖರೀದಿಗೆ ಬಳಸಬೇಕೆಂದು ವಿಧಿಸಿತು. ಇಲ್ಲಿ ಸರ್ಕಾರ ಬೆಂಬಲ ಬೆಲೆಯಲ್ಲಿ, 2025-26ರ ಹಂಗಾಮಿಗೆ ಕ್ವಿಂಟಲಿಗೆ 4,886 ರೂಪಾಯಿಯಂತೆ, ರಾಗಿ ಕೊಳ್ಳುತ್ತದೆ. ಶಾಲೆಯ ತಟ್ಟೆಗೆ ಮಾತ್ರ ಮುಖ್ಯವಾಗಿ ಭಾರತ ಆಹಾರ ನಿಗಮದ ಅಕ್ಕಿಯೇ ಬರುತ್ತದೆ. ಅಕ್ಕಿಯ ಬದಲು ರಾಗಿ ಬಂದರೂ, ಇನ್ನೂರು ಮಕ್ಕಳಿಗೆ ಇಬ್ಬರು ಮೂವರು ಹೆಂಗಸರು ಮುದ್ದೆ ತೊಳಸಿ ಕಟ್ಟಿ ಬಿಸಿಯಾಗಿ ಬಡಿಸುವುದು ಬೆನ್ನು ಮುರಿಯುವ ಕೆಲಸ. ಮಾಲ್ಟು ಸುಲಭವಾಗಿ ಒಳಬಂದು ಮುದ್ದೆ ಹೊರಗುಳಿದಿರುವುದಕ್ಕೆ ಮಕ್ಕಳ ನಾಲಿಗೆಯಷ್ಟೇ ಈ ಅಡುಗೆಯವರ ತೋಳೂ ಕಾರಣ, ಮತ್ತು ಅವರಿಗೆ ಸಿಗುವುದು ಸಂಬಳವೂ ಅಲ್ಲದ ತಿಂಗಳ ಗೌರವಧನ.